ಮದ್ದು, ಮಂದು ಮತ್ತು ಮಾತು ಬಾರದ ಕುದುರೆ

ಕಳೆದ ರಾಜ್ಯೋತ್ಸವದ ದಿನ ಸಭೆ ಮುಗಿದು ಊಟದ ಪಂಕ್ತಿ ಕೂತಿತ್ತು. ನಾನು ಬಿಸಿಬೇಳೆಬಾತಿನ ಬಕೆಟ್ಟು ಹಿಡಿದು ಬಡಿಸುತ್ತಾ ಬರುತ್ತಿದ್ದೆ. ನಮ್ಮ ಗವರ್ನರ್‌ಪೇಟೆಯಲ್ಲೇ ಹುಟ್ಟಿ ಬೆಳೆದ, ಇಂಟರ್ ಎರಡನೇ ವರ್ಷ ಓದುತ್ತಿರುವ ಹುಡುಗನೊಬ್ಬ ತಲೆಯೆತ್ತಿ ಕೇಳಿದ: "ಅಂಕಲ್, ಗುರ್ರಂಗೂ... ಸಾರಿ, ಕುದುರೆಗೂ ಡೋಪ್ ಟೆಸ್ಟ್ ಮಾಡ್ತಾರಂತೆ. ಯಾಕೆ? ಅದಕ್ಕೇನು ಕಪ್ ಬೇಕಾ, ಮೆಡಲ್ ಬೇಕಾ?"

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. "ಮೊದಲು ಊಟ ಮಾಡಪ್ಪ, ಆಮೇಲೆ ಹೇಳ್ತೀನಿ" ಎಂದು ಮುಂದಿನ ಎಲೆಗೆ ಹೋದೆ. ಆಮೇಲೆ ಹೇಳಲು ಆಗಲೇ ಇಲ್ಲ. ರಾತ್ರಿ ಮನೆಗೆ ಬಂದ ಮೇಲೆ ಅನಿಸಿತು, ಹುಡುಗ ತಮಾಷೆಗೆ ಕೇಳಿದರೂ ಇಡೀ ವಿಷಯದ ಬುಡವನ್ನೇ ಮುಟ್ಟಿದ್ದಾನೆ ಎಂದು. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಎಲ್ಲ ಕಿರಿಯ ಮಿತ್ರರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತಿನ ವಿಚಾರ. ಕನ್ನಡದಲ್ಲಿ 'ಮದ್ದು' ಎಂದರೆ ಔಷಧಿ. ಅಜ್ಜಿ ಕೊಡುವ ಕಷಾಯ ಮದ್ದು. ಆದರೆ "ಅವನಿಗೆ ಯಾರೋ ಮದ್ದು ಹಾಕಿದ್ದಾರೆ" ಎಂದರೆ ಅರ್ಥವೇ ಬೇರೆ, ಗೊತ್ತಿಲ್ಲದ ಹಾಗೆ ಊಟದಲ್ಲಿ ವಿಷ ಬೆರೆಸಿದ್ದಾರೆ ಎಂದು. ನೀವು ಬೀದಿಯಲ್ಲಿ ಆಡುವ ತೆಲುಗಿನಲ್ಲಿ 'ಮಂದು' ಸಹ ಹಾಗೆಯೇ. ಸೂರ್ಯರಾವ್‌ಪೇಟೆಯ ಆಸ್ಪತ್ರೆಗಳ ಪಕ್ಕದ ಅಂಗಡಿಯಲ್ಲಿ ಸಿಗುವುದೂ ಮಂದು, ಸಂಜೆ ಹೊತ್ತು ಬೇರೆ ಒಂದು ಅಂಗಡಿಯ ಮುಂದೆ ಕ್ಯೂ ನಿಂತು ಕೊಳ್ಳುವುದೂ ಮಂದು! ರೇಸು ಕುದುರೆಗಳ ಕಥೆಯೆಲ್ಲ ಈ ಒಂದು ಪದದ ಎರಡು ಮುಖಗಳ ನಡುವೆಯೇ ಓಡಾಡುತ್ತದೆ.

ನಮ್ಮ ವಿಜಯವಾಡದ ಹುಡುಗರಿಗೆ ರೇಸು ಎಂದರೆ ಹೈದರಾಬಾದಿನ ಮಲಕ್‌ಪೇಟೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಅಜ್ಜಿ ಮನೆಗೆ ಹೋದವರು ಮೆಜೆಸ್ಟಿಕ್‌ನಿಂದ ಆನಂದರಾವ್ ಸರ್ಕಲ್ ದಾಟುವಾಗ ಆ ಕಡೆಯ ರೇಸ್ ಕೋರ್ಸನ್ನು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಮೈಸೂರಿನಲ್ಲಿ ರೇಸ್ ಕ್ಲಬ್ ಶುರುವಾದದ್ದು 1891ರಲ್ಲಿ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಿಂದಲೂ ಕುದುರೆ ತಳಿ ಬೆಳೆಸುವ ಫಾರಂ ಇದೆ. ಅಲ್ಲಿ ಅಂದು ಬೆಳೆದದ್ದು ಸೈನ್ಯದ ಕುದುರೆ, ಆಮೇಲೆ ರೇಸಿನ ಕುದುರೆ. ಅದಕ್ಕೂ ಹಿಂದೆ ವಿಜಯನಗರದವರಿಗೆ ಕುದುರೆಯ ಮೇಲೆ ಎಷ್ಟು ಆಸೆಯಿತ್ತೆಂದರೆ, ಸಾಳುವ ನರಸಿಂಹನು ಹಡಗಿನಲ್ಲೇ ಸತ್ತುಹೋದ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ, ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕು! ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಮಾತು ಇದು. ಕನ್ನಡದಲ್ಲಿ ಅಭಿನವಚಂದ್ರ ಎಂಬಾತ 'ಅಶ್ವವೈದ್ಯ' ಎಂಬ ಗ್ರಂಥವನ್ನೇ ಬರೆದಿದ್ದಾನೆ. ಅಂದರೆ ಕುದುರೆಗೆ ಮದ್ದು ಕೊಡುವ ವಿದ್ಯೆ ನಮ್ಮವರಿಗೆ ಹೊಸದೇನಲ್ಲ.

ಈಗ ಕುದುರೆಯ ಕಾಲನ್ನು ನೋಡೋಣ. ರೇಸಿನ ಕುದುರೆ ಸುಮಾರು 450ರಿಂದ 500 ಕಿಲೋ ತೂಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಹಾಗೆ ನಾಗಾಲೋಟದಲ್ಲಿರುವಾಗ ಒಂದೊಂದು ಸಲ ಒಂದೇ ಗೊರಸು ನೆಲದ ಮೇಲಿರುತ್ತದೆ. ಆಗ ಆ ಒಂದು ಕಾಲಿನ ಮೇಲೆ ದೇಹದ ತೂಕದ ಎರಡೂವರೆ ಪಟ್ಟು ಭಾರ ಬೀಳುತ್ತದೆ. ಟನ್ನಿಗೂ ಮಿಕ್ಕಿದ ಭಾರ, ಮೊಣಕಾಲಿನ ಕೆಳಗೆ ಮಾಂಸವೇ ಇಲ್ಲದ ಒಂದು ತೆಳು ಎಲುಬಿನ ಮೇಲೆ! ದಿನವೂ ಓಡಿಸಿದರೆ ಆ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ. ಬಿಡುವು ಕೊಟ್ಟರೆ ಕೂಡಿಕೊಳ್ಳುತ್ತವೆ. ಬಿಡುವು ಬೇಕೆಂದು ಹೇಳಲು ಕುದುರೆಗೆ ಇರುವುದು ಒಂದೇ ಭಾಷೆ, ನೋವು. ಅದು ಕುಂಟುತ್ತದೆ, ಕಾಲೆತ್ತಿ ನಿಲ್ಲುತ್ತದೆ, ಹುರುಳಿ ಮೂಸಿ ಬಿಟ್ಟುಬಿಡುತ್ತದೆ. ಲಾಯದಲ್ಲಿ ಅದನ್ನು ನೋಡಿಕೊಳ್ಳುವ ಸೈಸ್ ಈ ಭಾಷೆ ಬಲ್ಲವನು.

ನೋವನ್ನು ಮರೆಸುವ ಮದ್ದು ಕೊಟ್ಟರೆ? ಬಿರುಕು ಅಲ್ಲೇ ಇರುತ್ತದೆ, ಹೇಳುವ ಬಾಯಿ ಮಾತ್ರ ಮುಚ್ಚಿಹೋಗುತ್ತದೆ. ಕುದುರೆ ಮೈಮರೆತು ಓಡುತ್ತದೆ. ತಿರುವಿನಲ್ಲಿ ಎಲುಬು ಎರಡು ತುಂಡಾಗುತ್ತದೆ. ಕುದುರೆಯ ಕಾಲು ಹಾಗೆ ಮುರಿದರೆ ಹೆಚ್ಚಿನ ಸಲ ಅದನ್ನು ಉಳಿಸಲಾಗುವುದಿಲ್ಲ. ಬೆನ್ನ ಮೇಲಿದ್ದ ಜಾಕಿ, ಹಿಂದೆಯೇ ಬರುತ್ತಿರುವ ಕುದುರೆಗಳು, ಅವುಗಳ ಜಾಕಿಗಳು, ಎಲ್ಲರ ಪ್ರಾಣವೂ ಆ ಕ್ಷಣದಲ್ಲಿ ತೂಗುತ್ತಿರುತ್ತದೆ. ಡೋಪ್ ಟೆಸ್ಟು ಮೋಸ ಹಿಡಿಯುವುದಕ್ಕೆ ಎಂದು ನಾವು ತಿಳಿದಿದ್ದೇವೆ. ಅದು ನಿಜವೇ. ಆದರೆ ಕುದುರೆಯ ಬಾಯಿಯನ್ನು ಯಾರಾದರೂ ಮುಚ್ಚಿದರೇ ಎಂದು ನೋಡುವುದಕ್ಕೂ ಹೌದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

ಬೆಂಗಳೂರಿನ ಒಂದು ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. 2017ರ ಮಾರ್ಚಿಯಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲಿ ಓಡಿದ 'ಕ್ವೀನ್ ಲತೀಫಾ' ಎಂಬ ಕುದುರೆಯ ಮೂತ್ರದಲ್ಲಿ ಪ್ರೊಕೇನ್ ಎಂಬ ವಸ್ತು ಪತ್ತೆಯಾಯಿತು. ಪರೀಕ್ಷೆ ನಡೆದದ್ದು ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ನಮ್ಮ ಓಟಗಾರರ, ಕುಸ್ತಿಪಟುಗಳ ಮಾದರಿಗಳೂ ಹೋಗುವುದು ಅಲ್ಲಿಗೇ. ವಿಷಯ ಕ್ಲಬ್ಬಿನ ಒಳಗೇ ಮುಗಿಯದೆ ಪೊಲೀಸ್ ಠಾಣೆಗೆ ಹೋಯಿತು, ಅಲ್ಲಿಂದ ಸಿಐಡಿಗೆ ಹೋಯಿತು. ಕುದುರೆಯ ಮೂತ್ರದ ಬಾಟಲಿಯೊಂದು ಸಿಐಡಿ ಕಡತ ಸೇರಿದ್ದನ್ನು ಪತ್ರಿಕೆಗಳಲ್ಲಿ ಓದಿ ಜನ ಬೆರಗಾದರು. ಯಾರು ತಪ್ಪು ಮಾಡಿದರು ಎಂಬುದು ನಮ್ಮ ತೀರ್ಪಿನ ವಿಷಯವಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಆ ವಸ್ತು.

ಪ್ರೊಕೇನ್ ಮರಗಟ್ಟಿಸುವ ಮದ್ದು. ಹಲ್ಲು ಕೀಳುವ ಮುಂಚೆ ಡಾಕ್ಟರು ವಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆ ಜಾತಿಯದು. ಕುದುರೆಯ ಕಾಲಿನ ನರದ ಪಕ್ಕ ಅದನ್ನು ಚುಚ್ಚಿದರೆ ಕೆಳಗಿನ ಭಾಗಕ್ಕೆ ನೋವೇ ತಿಳಿಯದು. ಕುಂಟು ಯಾವ ಜಾಗದ್ದು ಎಂದು ಹುಡುಕಲು ಪಶುವೈದ್ಯರು ನ್ಯಾಯವಾಗಿಯೇ ಇಂಥ ಸೂಜಿ ಬಳಸುತ್ತಾರೆ. ರೇಸಿನ ದಿನ ಚುಚ್ಚಿದರೆ ಅದು ಮಹಾಪರಾಧ. ಆದರೆ ಪ್ರೊಕೇನಿಗೆ ಇನ್ನೊಂದು ಮನೆಯೂ ಇದೆ. ಪೆನಿಸಿಲಿನ್ ದೇಹದಲ್ಲಿ ನಿಧಾನವಾಗಿ ಇಳಿಯಲಿ, ಚುಚ್ಚಿದ ಜಾಗ ಅಷ್ಟು ನೋಯದಿರಲಿ ಎಂದು ಅದರ ಜೊತೆ ಪ್ರೊಕೇನ್ ಕೂಡಿಸಿರುತ್ತಾರೆ. ಜಗತ್ತಿನ ಎಲ್ಲ ಪಶುವೈದ್ಯರ ಚೀಲದಲ್ಲೂ ಇರುವ ಔಷಧಿ ಅದು. ಗಾಯ ಕೀವಾಗಿದೆ ಎಂದು ಆ ಇಂಜೆಕ್ಷನ್ ಕೊಟ್ಟರೆ, ಗಾಯ ಮಾಯ್ದು ವಾರಗಳು ಕಳೆದ ಮೇಲೂ ಮೂತ್ರದಲ್ಲಿ ಪ್ರೊಕೇನ್ ಸುಳಿವು ಸಿಗಬಹುದು. ಬಾಟಲಿಯಲ್ಲಿ ಕಂಡದ್ದು ಒಂದೇ ವಸ್ತು, ಅದು ಹೇಳಬಹುದಾದ ಕಥೆ ಎರಡು. ಒಂದರಲ್ಲಿ ಕುದುರೆಯನ್ನು ಗುಣಪಡಿಸಿದ್ದಾರೆ, ಇನ್ನೊಂದರಲ್ಲಿ ಅದರ ಬಾಯಿ ಮುಚ್ಚಿದ್ದಾರೆ.

ಹಾಗಾದರೆ ತೀರ್ಮಾನ ಹೇಗೆ? ಎಲ್ಲ ದೇಶಗಳ ರೇಸು ಸಂಸ್ಥೆಗಳೂ ಹೆಚ್ಚು ಕಡಿಮೆ ಒಂದೇ ದಾರಿ ಹಿಡಿದಿವೆ. ಕುದುರೆಯ ಹೊಣೆ ತರಬೇತುದಾರನದು. ವಸ್ತು ಹೇಗೆ ಬಂತೋ, ಯಾರು ಕೊಟ್ಟರೋ, ಓಡುವ ದಿನ ಅದರ ಮೈಯಲ್ಲಿ ನಿಷಿದ್ಧ ವಸ್ತು ಇತ್ತೆಂದರೆ ಗೆಲುವು ಹೋಯಿತು, ತರಬೇತುದಾರ ಉತ್ತರ ಕೊಡಬೇಕು. "ನನಗೆ ಗೊತ್ತಿರಲಿಲ್ಲ" ಎಂದರೆ ಶಿಕ್ಷೆ ಕಡಿಮೆಯಾಗಬಹುದೇ ಹೊರತು ಗೆಲುವು ಮರಳಿ ಬಾರದು. ಕೇಳುವುದಕ್ಕೆ ಕಠಿಣವೆನಿಸುತ್ತದೆ. ಆದರೆ ಸಾಕ್ಷಿ ಹೇಳಬೇಕಾದ ಪ್ರಾಣಿಗೆ ಮಾತೇ ಬರುವುದಿಲ್ಲವಾದ್ದರಿಂದ ಬೇರೆ ದಾರಿ ನನಗೂ ಕಾಣುವುದಿಲ್ಲ.

ಅಮೆರಿಕದಲ್ಲಿ ನಿಮ್ಮ ಅಣ್ಣಂದಿರೋ ಅಕ್ಕಂದಿರೋ ಇದ್ದರೆ ಕೆಂಟಕಿ ಡರ್ಬಿಯ ಹೆಸರು ಕೇಳಿರುತ್ತೀರಿ. 2021ರ ಮೇ ತಿಂಗಳಲ್ಲಿ ಅದನ್ನು ಗೆದ್ದ 'ಮೆಡಿನಾ ಸ್ಪಿರಿಟ್' ಕುದುರೆಯ ರಕ್ತದಲ್ಲಿ ಬೀಟಾಮೆಥಸೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಪ್ರಮಾಣ, ಪ್ರತಿ ಮಿಲಿಲೀಟರಿಗೆ 21 ಪೈಕೋಗ್ರಾಂ. ಒಂದು ಪೈಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು! ಹೆಸರಾಂತ ತರಬೇತುದಾರ ಬಾಬ್ ಬಾಫರ್ಟ್ ಕಡೆಯವರು "ಕೀಲಿಗೆ ಚುಚ್ಚಿಲ್ಲ, ಚರ್ಮದ ತುರಿಕೆಗೆ ಮುಲಾಮು ಹಚ್ಚಿದ್ದೆವು, ಅದರಲ್ಲಿತ್ತು" ಎಂದು ವಾದಿಸಿದರು. ಸೂಜಿಯಾದರೇನು, ಮುಲಾಮಾದರೇನು, ರೇಸಿನ ದಿನ ಇರಬಾರದು ಎಂದು 2022ರ ಫೆಬ್ರವರಿಯಲ್ಲಿ ಗೆಲುವನ್ನು ಕಿತ್ತುಕೊಂಡರು. ಅಷ್ಟರಲ್ಲಿ ಕುದುರೆಯೇ ಇರಲಿಲ್ಲ. 2021ರ ಡಿಸೆಂಬರಿನಲ್ಲಿ ಬೆಳಗಿನ ಓಟದ ಅಭ್ಯಾಸ ಮುಗಿಸಿ ಕುಸಿದು ಸತ್ತಿತ್ತು. ಶವಪರೀಕ್ಷೆಯಲ್ಲೂ ಖಚಿತ ಕಾರಣ ಹೊರಬೀಳಲಿಲ್ಲ.

ಸಂದೇಹಕ್ಕೆ ಎಡೆಯೇ ಇಲ್ಲದ ಪ್ರಕರಣಗಳೂ ಇವೆ. ಜಾರ್ಜ್ ನವಾರೋ ಎಂಬ ತರಬೇತುದಾರನನ್ನು 2020ರ ಮಾರ್ಚಿಯಲ್ಲಿ ಅಮೆರಿಕದ ಪೊಲೀಸರು ಇನ್ನೂ ಹಲವರ ಜೊತೆ ಹಿಡಿದರು. ಪರೀಕ್ಷೆಯಲ್ಲಿ ಸಿಕ್ಕದ ಹಾಗೆ ತಯಾರಿಸಿದ ಮದ್ದುಗಳನ್ನು ಕುದುರೆಗಳಿಗೆ ಕೊಟ್ಟದ್ದನ್ನು ಅವನು ಒಪ್ಪಿಕೊಂಡು 5 ವರ್ಷ ಜೈಲಿಗೆ ಹೋದ. ಅವನ 'ಎಕ್ಸ್ ವೈ ಜೆಟ್' ಎಂಬ ಕುದುರೆ ಆ ಜನವರಿಯಲ್ಲೇ ಸತ್ತಿತ್ತು. ಆ ವರ್ಷದ ಕೊನೆಯಲ್ಲಿ ಇಡೀ ಅಮೆರಿಕಕ್ಕೆ ಒಂದೇ ರೇಸು ಕಾನೂನು ಬಂತು. ಅದರ ಮದ್ದು ತಡೆ ನಿಯಮಗಳು 2023ರ ಮೇಯಿಂದ ನಡೆಯುತ್ತಿವೆ.

ಓಡಿಸಲು ಮಾತ್ರ ಮದ್ದು ಹಾಕುತ್ತಾರೆ ಎಂದುಕೊಳ್ಳಬೇಡಿ. ನಿಲ್ಲಿಸುವುದಕ್ಕೂ ಹಾಕುತ್ತಾರೆ! ಎಲ್ಲರೂ ದುಡ್ಡು ಕಟ್ಟಿದ ಕುದುರೆಗೆ ಒಂದಿಷ್ಟು ಮಂಪರು ಬರಿಸಿಬಿಟ್ಟರೆ ಬೇರೆ ಕುದುರೆಗೆ ಕಟ್ಟಿದವನ ಜೇಬು ತುಂಬುತ್ತದೆ. ರೇಸು ಅದೃಷ್ಟದ ಜೂಜಲ್ಲ, ಜಾಣ್ಮೆಯ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಕುದುರೆಯ ವಂಶ, ಹಳೆಯ ಓಟ, ಹೊತ್ತ ಭಾರ, ಜಾಕಿಯ ಕೌಶಲ ಎಲ್ಲ ಲೆಕ್ಕ ಹಾಕಬಹುದು ಎಂಬುದು ಅದರ ಆಧಾರ. ಲಾಯದಲ್ಲಿ ರಾತ್ರಿ ಚುಚ್ಚಿದ ಸೂಜಿ ಯಾವ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ? (ಹಾಗೆಂದು ನಾನು ಯಾರಿಗೂ ರೇಸು ಆಡಲು ಹೇಳಿಕೊಡುತ್ತಿಲ್ಲ, ನಿಮ್ಮ ಅಮ್ಮಂದಿರು ನನ್ನ ಮೇಲೆ ಸಿಟ್ಟಾಗಬಾರದು!)

ಅಡುಗೆಮನೆಯ ಅಡುಗೆ ಸೋಡಾ ಸಹ ಈ ಪಟ್ಟಿಯಲ್ಲಿದೆ ಎಂದರೆ ನಂಬುತ್ತೀರಾ? ನಮ್ಮ ಉಡುಪಿ ಹೋಟೆಲಿನವರು ಬೋಂಡಾ ಹಿಟ್ಟಿಗೆ ಚಿಟಿಕೆ ಹಾಕುವ ಅದೇ ಸೋಡಾ. ಜೋರಾಗಿ ಓಡುವಾಗ ಮಾಂಸಖಂಡಗಳಲ್ಲಿ ಆಮ್ಲ ತುಂಬಿ ದಣಿವಾಗುತ್ತದೆ. ಸೋಡಾ, ಸಕ್ಕರೆ ಕಲಸಿದ ನೀರನ್ನು ಮೂಗಿನ ಮೂಲಕ ಕೊಳವೆ ಇಳಿಸಿ ಹೊಟ್ಟೆಗೆ ಸುರಿದರೆ ರಕ್ತದ ಆಮ್ಲ ತಗ್ಗಿ ದಣಿವು ತಡವಾಗುತ್ತದೆ ಎಂಬ ಎಣಿಕೆ. ರೇಸಿನವರು ಇದಕ್ಕೆ 'ಮಿಲ್ಕ್‌ಶೇಕ್' ಎಂಬ ಮುದ್ದಾದ ಹೆಸರಿಟ್ಟಿದ್ದಾರೆ. ಸೋಡಾದ ಅಂಶ ಎಲ್ಲ ರಕ್ತದಲ್ಲೂ ಸಹಜವಾಗಿಯೇ ಇರುವುದರಿಂದ ಒಂದು ಗೆರೆ ಎಳೆದಿದ್ದಾರೆ. ರಕ್ತದ ಪ್ಲಾಸ್ಮಾದಲ್ಲಿ ಲೀಟರಿಗೆ 36 ಮಿಲಿಮೋಲ್ ಇಂಗಾಲದ ಡೈಆಕ್ಸೈಡ್ ದಾಟಿದರೆ ತಪ್ಪು.

ಇನ್ನು ಮೇವಿನ ವಿಚಾರ. ಯಾರೂ ಕೆಟ್ಟ ಮನಸ್ಸು ಮಾಡದೆಯೂ ವಿಷ ಒಳಗೆ ಹೋಗುವ ದಾರಿ ಇದು. ಕುದುರೆಗೆ ಹುರುಳಿ ಎಂದರೆ ಪ್ರಾಣ. ನೀವು ಮದುವೆ ಮನೆಯಲ್ಲಿ ಬೆಣ್ಣೆ ಹಾಕಿಕೊಂಡು ಚಪ್ಪರಿಸುವ ಉಲವಚಾರು ಅದೇ ಹುರುಳಿಯ ಕಟ್ಟು. ಆ ಲೆಕ್ಕದಲ್ಲಿ ನೀವೆಲ್ಲ ಅರ್ಧ ರೇಸು ಕುದುರೆಗಳೇ! ಇರಲಿ. ಹೊಲದಲ್ಲಿ ಮೇವಿನ ನಡುವೆ ದತ್ತೂರದ ಗಿಡ ಬೆಳೆದು, ಕೊಯ್ಲಿನಲ್ಲಿ ಅದರ ಎಲೆ ಬೀಜ ಸೇರಿಹೋದರೆ, ಕುದುರೆಯ ಮೂತ್ರದಲ್ಲಿ ಅಟ್ರೋಪಿನ್ ಕಾಣಿಸುತ್ತದೆ. ಕೋಕೋ ಹೊಟ್ಟು ಸೇರಿದ ಮೇವು ತಿಂದರೆ ಥಿಯೋಬ್ರೋಮಿನ್ ಸಿಗುತ್ತದೆ. 1979ರಲ್ಲಿ ಇಂಗ್ಲೆಂಡಿನಲ್ಲಿ 'ನೋ ಬಾಂಬ್ಸ್' ಎಂಬ ಕುದುರೆ ಒಂದು ಮಾರ್ಸ್ ಚಾಕಲೇಟು ಮೆದ್ದು ತನ್ನ ಗೆಲುವನ್ನೇ ಕಳೆದುಕೊಂಡಿತು. 2014ರಲ್ಲಿ ಎಲಿಜಬೆತ್ ರಾಣಿಯ ಸ್ವಂತ ಕುದುರೆ 'ಎಸ್ಟಿಮೇಟ್' ಮೈಯಲ್ಲಿ ಮಾರ್ಫಿನ್ ಸಿಕ್ಕಿ ಅರಮನೆಯವರೇ ತಲೆತಗ್ಗಿಸಬೇಕಾಯಿತು. ಮೇವಿನಲ್ಲಿ ಗಸಗಸೆಯ ಅಂಶ ಸೇರಿತ್ತು. 2020ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಒಂದು ಕಂಪನಿಯ ಮೇವಿನಲ್ಲಿ, ದನಗಳ ಮಾಂಸ ಹೆಚ್ಚಿಸಲು ಕೊಡುವ ಜಿಲ್‌ಪಟೆರಾಲ್ ಬೆರೆತದ್ದು ತಿಳಿದು, ಪ್ಯಾರಿಸ್ಸಿನ ಅತಿ ದೊಡ್ಡ ರೇಸಿನ ಹಿಂದಿನ ದಿನ ಹೆಸರಾಂತ ಕುದುರೆಗಳನ್ನೇ ವಾಪಸು ತೆಗೆದುಕೊಂಡರು. ಲಾಯದ ಹುಲ್ಲಿನ ಮೇಲೆ ಕೆಲಸದವನು ಮೂತ್ರ ಮಾಡಿ, ಅವನು ನುಂಗಿದ ಮಾತ್ರೆ ಕುದುರೆಯ ಹೊಟ್ಟೆ ಸೇರಿದ ಪ್ರಕರಣಗಳೂ ಉಂಟು. ನಗಬೇಡಿ, ಅದರಲ್ಲೂ ಗೆಲುವು ಹೋಗಿದೆ.

ನಮ್ಮ ಕೃಷ್ಣಾ, ಗೋದಾವರಿ ಸೀಮೆಯವರು ತಿಳಿದಿರಬೇಕಾದ ಒಂದು ವಿಷ ಇದೆ. ಇದು ಕೋಳಿ ಸಾಕುವವರ ನಾಡು. ಕೋಳಿಗಳಿಗೆ ಬರುವ ಒಂದು ಕರುಳಿನ ರೋಗ ತಡೆಯಲು ಮೇವಿನಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸುವುದುಂಟು. ಕೋಳಿಗೆ ಅದು ಒಳ್ಳೆಯದು. ಕುದುರೆಗೆ ದೇಹದ ಪ್ರತಿ ಕಿಲೋಗೆ 2ರಿಂದ 3 ಮಿಲಿಗ್ರಾಂ ಹೋದರೆ ಸಾಕು, ಹೃದಯದ ಮಾಂಸಖಂಡ ಸತ್ತುಹೋಗುತ್ತದೆ. ಅಂದರೆ ಅಷ್ಟು ದೊಡ್ಡ ಪ್ರಾಣಿಗೆ ಒಂದು ಗ್ರಾಮಿನ ಆಸುಪಾಸು. ಕೋಳಿ ಇದಕ್ಕಿಂತ ಹತ್ತಾರು ಪಟ್ಟು ತಡೆದುಕೊಳ್ಳುತ್ತದೆ. ಒಂದೇ ಯಂತ್ರದಲ್ಲಿ ಮೊದಲು ಕೋಳಿ ಮೇವು, ಆಮೇಲೆ ತೊಳೆಯದೆ ಕುದುರೆ ಮೇವು ಬೀಸಿದರೆ ಅನಾಹುತವಾಗುತ್ತದೆ. ಇನ್ನೊಂದು ಸಂಗತಿ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದರ ದೇಹದ ರಚನೆಯೇ ಹಾಗೆ. ಒಳಗೆ ಹೋದದ್ದನ್ನು ಹೊರಗೆ ಹಾಕುವ ಆ ಒಂದು ಉಪಾಯವೂ ಅದಕ್ಕಿಲ್ಲ.

ಶಕ್ತಿ ಬರಲಿ ಎಂದು ಕೊಡುವ ಟಾನಿಕ್ಕುಗಳದ್ದು ಬೇರೆಯೇ ಪುರಾಣ. 2009ರ ಏಪ್ರಿಲ್‌ನಲ್ಲಿ ಫ್ಲಾರಿಡಾದಲ್ಲಿ ಪೋಲೋ ಪಂದ್ಯಕ್ಕೆ ಬಂದಿದ್ದ ಒಂದೇ ತಂಡದ 21 ಕುದುರೆಗಳು ಸಾಲಾಗಿ ಕುಸಿದು ಸತ್ತವು. ಔಷಧ ಅಂಗಡಿಯಲ್ಲಿ ಕೂಡಿಸಿಕೊಟ್ಟ ವಿಟಮಿನ್ ಇಂಜೆಕ್ಷನ್ನಿನಲ್ಲಿ ಸೆಲೆನಿಯಂ ಅಳತೆ ತಪ್ಪಿ ವಿಪರೀತ ಹೆಚ್ಚಾಗಿತ್ತು. ಅದಕ್ಕೂ ಹಳೆಯದು 'ಫಾರ್ ಲ್ಯಾಪ್' ಕಥೆ. ಆಸ್ಟ್ರೇಲಿಯದ ಜನ ದೇವರಂತೆ ಕಂಡ ಕುದುರೆ ಅದು. ಮೆಕ್ಸಿಕೋದಲ್ಲಿ ದೊಡ್ಡ ರೇಸು ಗೆದ್ದು ಎರಡು ವಾರ ಕಳೆದಿತ್ತಷ್ಟೆ, 1932ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯದಲ್ಲಿ ತನ್ನನ್ನು ಸಾಕಿದವನ ಮುಂದೆಯೇ ಹೊಟ್ಟೆನೋವಿನಿಂದ ಒದ್ದಾಡಿ ಸತ್ತಿತು. ಜೂಜಿನವರು ವಿಷ ಹಾಕಿದರು ಎಂದು ಜನ ನಂಬಿದರು. ಎಷ್ಟೋ ದಶಕಗಳ ನಂತರ ವಿಜ್ಞಾನಿಗಳು ಮ್ಯೂಸಿಯಮ್ಮಿನಲ್ಲಿದ್ದ ಅದರ ಜೂಲಿನ ಕೂದಲು ಪರೀಕ್ಷಿಸಿ, ಸಾಯುವ 30-40 ಗಂಟೆ ಮೊದಲು ಒಮ್ಮೆಗೇ ಬಹಳ ಆರ್ಸೆನಿಕ್ ಒಳಗೆ ಹೋಗಿದೆ ಎಂದು ತೋರಿಸಿದರು. ಆದರೆ ಆ ಕಾಲದಲ್ಲಿ ಕುದುರೆಯ ಟಾನಿಕ್ಕಿಗೆ ಆರ್ಸೆನಿಕ್ ಹಾಕುವುದೇ ವಾಡಿಕೆ. ಅದರ ತರಬೇತುದಾರನ ಕೈಬರಹದ ಟಾನಿಕ್ ಪುಸ್ತಕದಲ್ಲೂ ಆರ್ಸೆನಿಕ್ ಇದೆ, ಸ್ಟ್ರಿಕ್ನಿನ್ ಸಹ ಇದೆ. ಕೊಂದದ್ದು ವೈರಿಯ ಕೈಯೋ, ಪ್ರೀತಿಯ ಕೈ ತಪ್ಪಿ ಸುರಿದ ಒಂದು ಚಮಚ ಹೆಚ್ಚೋ? ಕೂದಲು ಅಷ್ಟು ಹೇಳುವುದಿಲ್ಲ. ಇವತ್ತು ಕುದುರೆಯ ಮೂತ್ರದಲ್ಲಿ ಆರ್ಸೆನಿಕ್ ಮಿಲಿಲೀಟರಿಗೆ 0.3 ಮೈಕ್ರೋಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ.

ಪಂಕ್ತಿಯಲ್ಲಿ ಪ್ರಶ್ನೆ ಕೇಳಿದ ಗೆಳೆಯ, ನಿನಗೆ ಇನ್ನೊಂದು ಹೇಳುವುದು ಬಾಕಿ ಇದೆ. ಟೆಸ್ಟ್ ಹೇಗೆ ಮಾಡುತ್ತಾರೆ ಎಂದು ನೀನು ಕೇಳಲಿಲ್ಲ, ಆದರೆ ಕೇಳಬೇಕಿತ್ತು. ರೇಸು ಮುಗಿದ ಕೂಡಲೇ ಗೆದ್ದ ಕುದುರೆಯನ್ನು ಬೇರೆ ಒಂದು ಲಾಯಕ್ಕೆ ಕರೆದೊಯ್ಯುತ್ತಾರೆ. ಮೈ ತೊಳೆದು, ನೀರು ಕುಡಿಸಿ, ದಣಿವಾರುವವರೆಗೆ ನಡೆದಾಡಿಸುತ್ತಾರೆ. ಬೇಕಿರುವುದು ಮೂತ್ರದ ಮಾದರಿ. ಅದನ್ನು ಎರಡು ಬಾಟಲಿಗೆ ಹಂಚಿ ಅರಗಿನ ಮುದ್ರೆ ಒತ್ತಬೇಕು. ಮೊದಲನೆಯದರಲ್ಲಿ ಏನಾದರೂ ಸಿಕ್ಕಿದರೆ, ತರಬೇತುದಾರ ಒಪ್ಪದಿದ್ದರೆ, ಎರಡನೆಯದನ್ನು ಬೇರೆ ಪರೀಕ್ಷೆಗೆ ಕೊಡುವುದಕ್ಕೆ. ಆದರೆ ಕುದುರೆಗೆ "ಇದರಲ್ಲಿ ಮಾಡು" ಎಂದು ಹೇಳುವುದು ಹೇಗೆ? ಅದಕ್ಕೆ ಚಿಕ್ಕಂದಿನಿಂದ ಒಂದು ಅಭ್ಯಾಸ ಮಾಡಿಸಿರುತ್ತಾರೆ. ಉದ್ದನೆಯ ಕೋಲಿಗೆ ಕಟ್ಟಿದ ಬಟ್ಟಲು ಹಿಡಿದವನೊಬ್ಬ ಕಾಯುತ್ತಾ ನಿಲ್ಲುತ್ತಾನೆ. ಸೈಸ್ ಅದರ ಕುತ್ತಿಗೆ ಸವರುತ್ತಾ ಮೆಲ್ಲಗೆ ಸಿಳ್ಳೆ ಹಾಕುತ್ತಾನೆ. ಕೆಲವೊಮ್ಮೆ ಐದು ನಿಮಿಷ, ಕೆಲವೊಮ್ಮೆ ಒಂದು ಗಂಟೆ. ಅಷ್ಟು ಹೊತ್ತಿಗೆ ಆಚೆ ಕಡೆ ಫೋಟೋ ತೆಗೆಯುವುದು ಮುಗಿದು, ಕಪ್ ಯಾರದೋ ಕಾರಿನಲ್ಲಿ ಮನೆಗೆ ಹೊರಟಿರುತ್ತದೆ.